ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಗಂಟೆಗಳು ಏಕೆ ಬೇರೆ?

ಪ್ರಶ್ನೆ: ನಾವು ಹರಿಹರದವರು. ಮಗಳು ಸ್ಯಾನ್ ಹೊಸೆಯಲ್ಲಿ ನೆಲೆಸಿದ್ದಾಳೆ. ನಾನು ಮತ್ತು ನನ್ನ ಪತ್ನಿ ಮೊದಲ ಬಾರಿಗೆ ಅವಳ ಮನೆಗೆ ಹೊರಡುವ ಯೋಚನೆಯಲ್ಲಿದ್ದೇವೆ. 2021ರ ಜನವರಿಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ ಆರಂಭವಾದಾಗ ಪತ್ರಿಕೆಯಲ್ಲಿ ಬಂದ ವೇಳಾಪಟ್ಟಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಅದರ ಪ್ರಕಾರ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯುತ್ತದೆ. ಅಲ್ಲಿಂದ ರಾತ್ರಿ 8.30ಕ್ಕೆ ಹೊರಟದ್ದು ಮೂರನೆಯ ದಿನ ನಸುಕಿನ 3.45ಕ್ಕೆ ಬೆಂಗಳೂರಿಗೆ ಬರುತ್ತದೆ. ದೂರ 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಎಲ್ಲ ಕಡೆ ಬರೆದಿರುತ್ತಾರೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಈ ಲೆಕ್ಕ ಎರಡು ದಿಕ್ಕಿಗೂ ಏಕೆ ಹೊಂದುವುದಿಲ್ಲ? ಭೂಮಿ ತಿರುಗುವುದು ಇದಕ್ಕೆ ಕಾರಣವೇ? ಅಮೆರಿಕ ಪಶ್ಚಿಮದಲ್ಲಿರುವಾಗ ವಿಮಾನ ಉತ್ತರ ಧ್ರುವದ ಕಡೆಗೆ ಏಕೆ ಹೋಗುತ್ತದೆ? ಒಟ್ಟು ಎಷ್ಟು ಹೊತ್ತು ಎಂದು ನಾವು ಲೆಕ್ಕ ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ವಿಮಾನ ಹೊರಡುವ ಮೊದಲು ಅದರ ದಾರಿ, ಇಂಧನ ಮತ್ತು ಸಮಯವನ್ನು ಲೆಕ್ಕ ಹಾಕಿಕೊಡುವ ಕೆಲಸದಲ್ಲಿ ಬಹಳ ವರ್ಷ ಕಳೆದವನಾದ ನಾನೂ ಮೊದಲ ಅಂದಾಜಿಗೆ ಅದೇ ಭಾಗಾಕಾರವನ್ನು ಮಾಡುತ್ತಿದ್ದೆ. ಆದರೆ ಅದರಲ್ಲಿರುವ ಎರಡು ಸಂಖ್ಯೆಗಳು ಎರಡು ಬೇರೆ ಬೇರೆ ವಸ್ತುಗಳಿಗೆ ಸೇರಿದವು. 14,000 ಕಿ.ಮೀ. ಎಂಬುದು ನೆಲದ ಮೇಲಿನ ಅಳತೆ, 900 ಕಿ.ಮೀ. ಎಂಬುದು ಗಾಳಿಯೊಳಗಿನ ವೇಗ. ನೆಲ ಸುಮ್ಮನಿರುತ್ತದೆ, ಗಾಳಿ ಸುಮ್ಮನಿರುವುದಿಲ್ಲ. ನಿಮ್ಮ ಗೊಂದಲದ ಬಹುಭಾಗ ಇಲ್ಲಿಂದಲೇ ಹುಟ್ಟುತ್ತದೆ.

ಅದಕ್ಕೂ ಮೊದಲು ಗಡಿಯಾರದ ವಿಷಯವನ್ನು ಮುಗಿಸಿಬಿಡೋಣ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಅಂದಿನಿಂದ ನವೆಂಬರ್ ತಿಂಗಳ ಮೊದಲ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆಯಾಗುತ್ತದೆ. ನಿಮ್ಮ ಬಳಿ ಇರುವುದು ಜನವರಿಯ ವೇಳಾಪಟ್ಟಿಯಾದ್ದರಿಂದ ಹದಿಮೂರೂವರೆಯನ್ನೇ ತೆಗೆದುಕೊಳ್ಳಿ. ಹೋಗುವಾಗ ಗಡಿಯಾರ ತೋರಿಸುವ ಎರಡೂವರೆ ಗಂಟೆಗೆ ಇದನ್ನು ಕೂಡಿಸಿದರೆ 16 ಗಂಟೆ. ಬರುವಾಗ ಕಾಣುವ 31 ಗಂಟೆ 15 ನಿಮಿಷದಿಂದ ಕಳೆದರೆ 17 ಗಂಟೆ 45 ನಿಮಿಷ. ಕಾಲವಲಯದ ಅಂತರ ನೆನಪಿಲ್ಲದವರಿಗೆ ಇನ್ನೊಂದು ಉಪಾಯವಿದೆ: ಎರಡೂ ಕಡೆಯ ಗಡಿಯಾರದ ಲೆಕ್ಕವನ್ನು ಹಾಗೆಯೇ ಕೂಡಿಸಿ ಅರ್ಧ ಮಾಡಿದರೆ ಕಾಲವಲಯ ತಾನಾಗಿ ಕಳಚಿಕೊಂಡು ಸರಾಸರಿ ಪ್ರಯಾಣದ ಅವಧಿ ಮಾತ್ರ ಉಳಿಯುತ್ತದೆ. ಎರಡೂವರೆ ಗಂಟೆಯೂ ಮೂವತ್ತೊಂದೂಕಾಲು ಗಂಟೆಯೂ ಸೇರಿ ಮೂವತ್ತಮೂರೂಮುಕ್ಕಾಲು ಗಂಟೆ; ಅದರ ಅರ್ಧ ಹದಿನೇಳಕ್ಕೆ ಏಳೆಂಟು ನಿಮಿಷ ಕಡಿಮೆ. ಹೋಗುವುದಕ್ಕೂ ಬರುವುದಕ್ಕೂ ಇರುವ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ ಮಾತ್ರ ಗಡಿಯಾರದ್ದಲ್ಲ, ನಿಜವಾದದ್ದು.

ಇನ್ನು ದಾರಿ. ದಯವಿಟ್ಟು ಗೋಡೆಯ ಭೂಪಟವನ್ನು ಬಿಟ್ಟು, ಯಾವುದಾದರೂ ಶಾಲೆಯಲ್ಲಿ ಸಿಗುವ ಭೂಗೋಳವನ್ನು ಎದುರಿಗಿಟ್ಟುಕೊಳ್ಳಿ. ಅದು 30 ಸೆಂ.ಮೀ. ವ್ಯಾಸದ್ದು ಎಂದುಕೊಳ್ಳೋಣ. ಒಂದು ಹೊಲಿಗೆ ನೂಲಿನ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ತಂದು, ಸಡಿಲವಿಲ್ಲದಂತೆ ಬಿಗಿಯಾಗಿ ಎಳೆಯಿರಿ. ನೂಲು ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಜಾರಿಕೊಂಡು ಮೇಲಕ್ಕೆ, ಉತ್ತರಕ್ಕೆ ಹೋಗಿ ನಿಲ್ಲುತ್ತದೆ. ಎರಡು ಊರುಗಳ ನಡುವಿನ ಅತಿ ಕಿರಿದಾದ ದಾರಿ ಅದೇ. ಅದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ನೂಲಿನ ಉದ್ದ ಸುಮಾರು 33 ಸೆಂ.ಮೀ. ಬರುತ್ತದೆ, ಆ ಗೋಳದ ಮೇಲೆ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ.; ಗುಣಿಸಿದರೆ ನಿಮ್ಮ 14,000 ಕಿ.ಮೀ. ಸಿಕ್ಕಿತು. ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನ ಈ ಗೋಳದ ಮೇಲೆ ಕಾಲು ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಹೆಚ್ಚುಕಡಿಮೆ ನೂಲಿನ ದಪ್ಪದಷ್ಟೇ. ಆದ್ದರಿಂದ ಹಾರುವ ಎತ್ತರದಿಂದ ದೂರ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಮರೆತುಬಿಡಬಹುದು.

ಆ ನೂಲನ್ನು ಕಣ್ಣಿಗೆ ಹತ್ತಿರ ತಂದು ನೋಡಿ. ಬೆಂಗಳೂರಿನಿಂದ ನೇರ ಉತ್ತರಕ್ಕೆ ಸುಮಾರು 20 ಡಿಗ್ರಿ ಬಲಕ್ಕೆ ವಾಲಿ ಹೊರಡುವ ಅದು ವಾರಂಗಲ್ ಬಳಿ ಹಾದು, ಛತ್ತೀಸಗಡವನ್ನು ದಾಟಿ, ವಾರಾಣಸಿಗೆ ಸ್ವಲ್ಪ ಪಶ್ಚಿಮದಲ್ಲಿ ಗಂಗೆಯನ್ನು ದಾಟುತ್ತದೆ. ನೇಪಾಳದಲ್ಲಿ ಪೋಖರಾ ಊರಿನ ಪಕ್ಕದಿಂದ ಅನ್ನಪೂರ್ಣ ಪರ್ವತಗಳ ಮೇಲೇರುತ್ತದೆ. ಅಲ್ಲಿಂದ ಟಿಬೆಟ್, ಮಂಗೋಲಿಯಾ, ಬೈಕಲ್ ಸರೋವರದ ಉತ್ತರದ ಸೈಬೀರಿಯಾ. ಬಳಿಕ ಸೈಬೀರಿಯಾದ ಪೂರ್ವ ತುದಿಯ ಹೆಪ್ಪುಗಟ್ಟಿದ ಕಡಲಂಚಿನಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ ಅಲ್ಲಿಂದ ಇಳಿಮುಖವಾಗುತ್ತದೆ. ಅಲಾಸ್ಕಾದ ಒಳನಾಡನ್ನು ಸೀಳಿಕೊಂಡು, ಕೆನಡಾದ ಪಶ್ಚಿಮ ಕರಾವಳಿಯ ಆಚೆ ಕಡಲ ಮೇಲೆ ಇಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಗೋಡೆಯ ಭೂಪಟದಲ್ಲಿ ಇದು ದೊಡ್ಡ ಬಿಲ್ಲಿನಂತೆ ಬಾಗಿ, ಸುತ್ತುದಾರಿಯಂತೆ ಕಾಣುತ್ತದೆ. ಚಪ್ಪಟೆ ಮಾಡುವಾಗ ಭೂಪಟವು ಉತ್ತರದ ನೆಲವನ್ನು ಅಗಲಕ್ಕೆ ಹಿಗ್ಗಿಸುವುದೇ ಅದಕ್ಕೆ ಕಾರಣ. ನೌಕಾಯಾನಕ್ಕೆಂದು ಮಾಡಿದ ಮರ್ಕೇಟರ್ ಭೂಪಟದಲ್ಲಿ ಈ ಎರಡು ಊರುಗಳ ನಡುವೆ ಪೆಸಿಫಿಕ್ ಮೇಲೆ ಅಡಿಪಟ್ಟಿಯಿಂದ ಗೆರೆ ಎಳೆದು ಅದರ ಮೇಲೆಯೇ ಹಾರಿದರೆ 16,100 ಕಿ.ಮೀ. ಆಗುತ್ತದೆ. ನೇರವಾಗಿ ಕಾಣುವ ಗೆರೆಯೇ 2,100 ಕಿ.ಮೀ. ಉದ್ದ ಹೆಚ್ಚು.

ಅಂದರೆ ಅತಿ ಕಿರಿದಾದ ದಾರಿಯೂ ಧ್ರುವದ ಮೇಲೆ ಹೋಗುವುದಿಲ್ಲ, ಅಲ್ಲಿಂದ ಎರಡು ಸಾವಿರ ಕಿ.ಮೀ.ಗಿಂತ ಹೆಚ್ಚು ದೂರದಲ್ಲಿ ಹಾದುಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊಗೆ ಭೂಮಿಯ ಬೆನ್ನ ಕಡೆಯಿಂದ ಸರಿಯಾಗಿ ಎದುರಾಗುವ ರೇಖಾಂಶ ದುಬೈಯ ಹತ್ತಿರದ್ದು. ದುಬೈಯಿಂದ ಹೊರಟ ನೂಲು ಧ್ರುವದ ನೆತ್ತಿಯ ಸಮೀಪವೇ ಹಾಯುತ್ತದೆ. ಬೆಂಗಳೂರು ಆ ರೇಖಾಂಶಕ್ಕಿಂತ 20 ಡಿಗ್ರಿ ಪೂರ್ವದಲ್ಲಿದೆ. ಆದರೂ ಬೆಂಗಳೂರಿನಿಂದ ಧ್ರುವಕ್ಕೆ 8,540 ಕಿ.ಮೀ., ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 5,820 ಕಿ.ಮೀ. ಎಂದು ಕೂಡಿಸಿದರೆ 14,360 ಕಿ.ಮೀ. ಮಾತ್ರ ಆಗುತ್ತದೆ. ಧ್ರುವವನ್ನು ಮುಟ್ಟಿಕೊಂಡೇ ಹೋದರೂ ಹೆಚ್ಚುವರಿ ದೂರ 370 ಕಿ.ಮೀ.ಗಿಂತ ಕಡಿಮೆ, ಎಂದರೆ ಅರ್ಧ ಗಂಟೆಯೂ ಇಲ್ಲ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನಿಮ್ಮ ಪತ್ರಿಕೆಯ ತುಣುಕಿನಲ್ಲಿರುವ ಮೊದಲ ಹಾರಾಟ ಏಕೆ ಆ ದಾರಿ ಹಿಡಿಯಿತು ಎಂಬುದಕ್ಕೆ ಅದು ಮುಂದೆ ಬೇಕಾಗುತ್ತದೆ.

ಈಗ ಭೂಮಿ ತಿರುಗುವ ಪ್ರಶ್ನೆ. ಈ ಪ್ರಶ್ನೆಯನ್ನು ನನಗೆ ಅನೇಕರು ಕೇಳಿದ್ದಾರೆ, ಇಂಜಿನಿಯರುಗಳೂ ಕೇಳಿದ್ದಾರೆ, ಮತ್ತು ಇದು ಬಹಳ ಸಹಜವಾದ ಪ್ರಶ್ನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಾದರೆ ವಿಮಾನ ಮೇಲೆದ್ದ ಮೇಲೆ ಕೆಳಗಿನ ನೆಲ ಸರಿದುಹೋಗಬೇಕಲ್ಲವೇ? ಸರಿಯುವುದಿಲ್ಲ. ದೇವನಹಳ್ಳಿಯ ಓಡುದಾರಿಯಲ್ಲಿ ನಿಂತಿರುವ ವಿಮಾನವು ಭೂಮಿಯೊಂದಿಗೆ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಆಗಲೇ ಪೂರ್ವಕ್ಕೆ ಸಾಗುತ್ತಿರುತ್ತದೆ. ಅದರ ಸುತ್ತಲಿನ ಗಾಳಿಯೂ ಹಾಗೆಯೇ ಸಾಗುತ್ತಿರುತ್ತದೆ. ಓಡುವ ರೈಲಿನ ಬೋಗಿಯೊಳಗೆ ಚೆಂಡನ್ನು ಮೇಲಕ್ಕೆ ಎಸೆದರೆ ಅದು ನಿಮ್ಮ ಕೈಗೇ ಮರಳುವ ಹಾಗೆ, ಗಾಳಿ ಮತ್ತು ನೆಲ ಜೊತೆಯಾಗಿ ತಿರುಗುವಾಗ ಆ ತಿರುಗುವಿಕೆಯಿಂದ ವಿಮಾನಕ್ಕೆ ನೇರವಾದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ನಿಮ್ಮ ಊಹೆಯಲ್ಲಿ ಅರ್ಧ ಸತ್ಯವಿದೆ. ಉಷ್ಣವಲಯದ ಬಿಸಿಗಾಳಿ ಮತ್ತು ಧ್ರುವದ ತಣ್ಣನೆಯ ಗಾಳಿಯ ನಡುವಿನ ವ್ಯತ್ಯಾಸದಿಂದ ಗಾಳಿ ಎತ್ತರದಲ್ಲಿ ಧ್ರುವದ ಕಡೆಗೆ ಹರಿಯತೊಡಗುತ್ತದೆ. ಭೂಮಿಯ ತಿರುಗುವಿಕೆ ಆ ಹರಿವನ್ನು ಬಲಕ್ಕೆ ತಿರುಚಿ ಪಶ್ಚಿಮದಿಂದ ಪೂರ್ವಕ್ಕೆ ಓಡುವ ಪ್ರವಾಹವನ್ನಾಗಿ ಮಾಡುತ್ತದೆ. ವಿಮಾನಗಳು ಹಾರುವ ಎತ್ತರದಲ್ಲೇ, ಸುಮಾರು 9ರಿಂದ 12 ಕಿ.ಮೀ. ಮೇಲೆ, ಕೆಲವು ನೂರು ಕಿ.ಮೀ. ಅಗಲದ ಗಾಳಿಯ ಹೊಳೆಯಂತೆ ಅದು ಹರಿಯುತ್ತದೆ. ಅದಕ್ಕೆ ಜೆಟ್ ಸ್ಟ್ರೀಮ್ ಎಂದು ಹೆಸರು. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ಮೀರುವುದು ವಿಶೇಷವೇನಲ್ಲ.

ಈ ಗಾಳಿಯನ್ನು ಮೊದಲು ಕ್ರಮವಾಗಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಿಂದ ಅವುಗಳ ಚಲನೆಯನ್ನು ಗಮನಿಸಿ ಅವರು ಲೆಕ್ಕ ಬರೆದಿಟ್ಟರು. ಹೊರಜಗತ್ತು ಓದಲಿ ಎಂದು 1926ರಲ್ಲಿ ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಸಾಮಾನ್ಯವಾಗಿರಲೆಂದು ಕಟ್ಟಿದ ಕೃತಕ ಭಾಷೆಯಲ್ಲಿ ಪ್ರಕಟಿಸಿದರೂ ಅದನ್ನು ಗಮನಿಸಿದವರು ವಿರಳ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕು ಗುರಿ ತಪ್ಪಿದ ಮೇಲೆಯೇ ಉಳಿದವರಿಗೆ ಅದರ ಬಲ ಅರಿವಾಯಿತು. ಇಂದು ನಮ್ಮ ಕೆಲಸದವರು ಪ್ರತಿ ಹಾರಾಟಕ್ಕೂ ಮೊದಲು ತೆರೆದು ನೋಡುವ ನಕಾಶೆ ಈ ಗಾಳಿಯದೇ.

ಹರಿಹರದವರಾದ ನಿಮಗೆ ತುಂಗಭದ್ರೆಯ ಉದಾಹರಣೆ ಸಾಕು. ತುಂಬಿದ ಹೊಳೆಯಲ್ಲಿ ಒಂದು ಘಟ್ಟದಿಂದ ಕೆಳಗಿನ ಘಟ್ಟಕ್ಕೆ ಹೋಗುವ ದೋಣಿಗೂ ಅಲ್ಲಿಂದ ಮೇಲಕ್ಕೆ ಮರಳುವ ದೋಣಿಗೂ ದಡದ ಮೇಲಿನ ದೂರ ಒಂದೇ. ಅಂಬಿಗನ ತೋಳಿನ ಬಲವೂ ಒಂದೇ. ಆದರೆ ಒಮ್ಮೆ ನೀರು ಅವನ ಪಾಲಿನ ಕೆಲಸವನ್ನು ಮಾಡಿಕೊಡುತ್ತದೆ, ಇನ್ನೊಮ್ಮೆ ಅವನು ನೀರಿನ ಪಾಲನ್ನೂ ತಾನೇ ಹುಟ್ಟು ಹಾಕಿ ತೀರಿಸಬೇಕಾಗುತ್ತದೆ. ನಿಮ್ಮ 14,000 ಕಿ.ಮೀ.ಯನ್ನೇ ತೆಗೆದುಕೊಳ್ಳಿ. ಗಾಳಿ ಇಲ್ಲದಿದ್ದರೆ 15 ಗಂಟೆ 33 ನಿಮಿಷ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಬೆನ್ನಗಾಳಿ ಇದ್ದರೆ 14 ಗಂಟೆ 35 ನಿಮಿಷ. ಅಷ್ಟೇ ಎದುರುಗಾಳಿ ಇದ್ದರೆ 16 ಗಂಟೆ 40 ನಿಮಿಷ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ: ಗಳಿಸಿದ್ದು 58 ನಿಮಿಷ, ಕಳೆದುಕೊಂಡದ್ದು 67 ನಿಮಿಷ. ಹೋಗಿ ಬರುವಷ್ಟರಲ್ಲಿ ಗಾಳಿ ಸರಿದೂಗುತ್ತದೆ ಎಂದು ಜನ ಭಾವಿಸುತ್ತಾರೆ. ಸರಿದೂಗುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ.

ಪ್ರಯಾಣದಲ್ಲಿ ಇದನ್ನು ನೀವೇ ನೋಡಬಹುದು. ನಿಮ್ಮ ಮುಂದಿನ ಆಸನದ ಬೆನ್ನಿಗಿರುವ ಪುಟ್ಟ ಪರದೆಯಲ್ಲಿ ನಕಾಶೆಯನ್ನು ತೆರೆದರೆ ಎತ್ತರ, ಹೊರಗಿನ ಉಷ್ಣಾಂಶ, ನೆಲದ ಮೇಲಿನ ವೇಗ ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಹೊರಗೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗಿನ ಚಳಿ. ಇಂಜಿನ್ನಿನ ಸದ್ದಿನಲ್ಲಿ ಬದಲಾವಣೆಯಿಲ್ಲ. ಲೋಟದಲ್ಲಿರುವ ನೀರು ಅಲುಗುವುದಿಲ್ಲ. ಆದರೆ ವಿಮಾನ ಪೂರ್ವಕ್ಕೆ ಸಾಗಿ ಜಪಾನನ್ನು ಸಮೀಪಿಸುವಾಗ 910 ಇದ್ದ ವೇಗ 980, 1,050, ಕೆಲವೊಮ್ಮೆ 1,100 ಆಗುತ್ತದೆ. ಚಾಲಕರು ಏನನ್ನೂ ಮಾಡಿರುವುದಿಲ್ಲ. ಗಾಳಿಯೊಳಗಿನ ವೇಗ ಅದೇ 900ರ ಆಸುಪಾಸಿನಲ್ಲಿದೆ. ವಿಮಾನವಿರುವ ಹೊಳೆಯೇ ಓಡುತ್ತಿದೆ.

ಈ ಹೊಳೆಗಾಗಿ ಸುತ್ತುದಾರಿ ಹಿಡಿಯುವುದು ಎಷ್ಟು ಲಾಭಕರ ಎಂಬುದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಉದಾಹರಣೆಯಿದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲಿಗೆ ಅಟ್ಲಾಂಟಿಕ್ ಕಡೆಯಿಂದ, ಸುಮಾರು 13,900 ಕಿ.ಮೀ. ಹಾರಿ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದೂರ 15,300 ಕಿ.ಮೀ.ಗೆ ಏರಿತು, ಅಂದರೆ 1,400 ಕಿ.ಮೀ. ಹೆಚ್ಚು, ಆದರೆ ಹಾರಾಟ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಬೇಗ. ಭಾಗಿಸಿ ನೋಡಿ: ನೆಲದ ಮೇಲೆ ಸರಾಸರಿ ವೇಗ ಗಂಟೆಗೆ 1,055 ಕಿ.ಮೀ. ವಿಮಾನ ತನ್ನ ಬಲದಿಂದ ಗಾಳಿಯೊಳಗೆ ಕ್ರಮಿಸಿದ್ದು ಸುಮಾರು 13,000 ಕಿ.ಮೀ. ಮಾತ್ರ, ಉಳಿದ ಎರಡು ಸಾವಿರ ಚಿಲ್ಲರೆ ಕಿ.ಮೀ. ದೂರ ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ವಿಮಾನದ ಇಂಧನ ಖರ್ಚಾಗುವುದು ಈ 13,000ಕ್ಕೆ, ಆ 15,300ಕ್ಕಲ್ಲ. ನಾವು ದಾರಿ ಆರಿಸುವಾಗ ಹುಡುಕುವುದು ನೆಲದ ಮೇಲಿನ ಕಿರಿದಾದ ದಾರಿಯನ್ನಲ್ಲ, ಗಾಳಿಯೊಳಗಿನ ಕಿರಿದಾದ ದಾರಿಯನ್ನು. ಅದು ದಿನದಿನಕ್ಕೂ ಬೇರೆಯಾಗುತ್ತದೆ.

ಮರಳಿ ಬರುವಾಗ ಇದೇ ಹೊಳೆ ಎದುರಾಗುತ್ತದೆ. ಆಗ ಮಾಡಬೇಕಾದ್ದು ಅದರಿಂದ ತಪ್ಪಿಸಿಕೊಳ್ಳುವುದು. ಜೆಟ್ ಸ್ಟ್ರೀಮಿನ ಬಲವೆಲ್ಲ ನಡುವಿನ ಅಕ್ಷಾಂಶಗಳಲ್ಲಿರುತ್ತದೆ. ಧ್ರುವದ ಸಮೀಪ ಗಾಳಿ ಸಾಮಾನ್ಯವಾಗಿ ಶಾಂತ. ಮೇಲೆ ಹೇಳಿದ ಆ 370 ಕಿ.ಮೀ. ಇಲ್ಲಿ ನೆರವಿಗೆ ಬರುತ್ತದೆ: ಅಷ್ಟು ಅಲ್ಪ ದೂರವನ್ನು ಹೆಚ್ಚು ಹಾರಿದರೆ ಇಡೀ ಎದುರುಗಾಳಿಯ ಪ್ರದೇಶವನ್ನು ಬದಿಗಿಡಬಹುದು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿದ ಆ ಮೊದಲ ವಿಮಾನ, ಬೋಯಿಂಗ್ 777-200ಎಲ್‌ಆರ್, ಧ್ರುವದ ಮೇಲಿನಿಂದ ಬಂದದ್ದು ಹೀಗೆ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದರ ಚಾಲಕರೆಲ್ಲರೂ ಮಹಿಳೆಯರಾಗಿದ್ದರು. ಧ್ರುವದ ದಾರಿಗೆ ಅದರದೇ ಕಟ್ಟುಪಾಡುಗಳಿವೆ. ನಮ್ಮಲ್ಲಿ ಬಳಸುವ ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನಕ್ಕೆ ಆ ಮಿತಿ 40 ಡಿಗ್ರಿ. ಆದ್ದರಿಂದ ಅಲ್ಲಿಂದ ಹೊರಡುವ ವಿಮಾನದ ಚಾಲಕರು ರೆಕ್ಕೆಯೊಳಗಿನ ಇಂಧನದ ಉಷ್ಣಾಂಶವನ್ನು ಗಂಟೆಗಟ್ಟಲೆ ಗಮನಿಸುತ್ತಾ, ಬೇಕಾದರೆ ಎತ್ತರವನ್ನೋ ವೇಗವನ್ನೋ ಬದಲಿಸಬೇಕಾಗುತ್ತದೆ.

ಹೋಗುವಾಗ ಬೆನ್ನಗಾಳಿ ಇದ್ದರೂ ವೇಳಾಪಟ್ಟಿಯಲ್ಲಿ 16 ಗಂಟೆ ಏಕೆ ಎಂದು ನೀವು ಕೇಳಬಹುದು. ನೂಲು ತೋರಿಸಿದ ದಾರಿಯಲ್ಲಿ ವಿಮಾನ ಹೋಗಲಾರದು ಎಂಬುದೇ ಮುಖ್ಯ ಕಾರಣ. ಮೊದಲ ಅಡ್ಡಿ ಹಿಮಾಲಯ. ಅನ್ನಪೂರ್ಣದ ಎತ್ತರ 8,091 ಮೀಟರ್. ವಿಮಾನ ಅದಕ್ಕಿಂತ ಎರಡು ಮೂರು ಸಾವಿರ ಮೀಟರ್ ಮೇಲೆಯೇ ಹಾರಬಲ್ಲದು. ತೊಂದರೆ ಇರುವುದು ದಾಟುವುದರಲ್ಲಲ್ಲ, ಇಳಿಯುವುದರಲ್ಲಿ. ವಿಮಾನದೊಳಗಿನ ಗಾಳಿಯ ಒತ್ತಡ ಯಾವುದೋ ಕಾರಣಕ್ಕೆ ಕುಸಿದರೆ ತಲೆಯ ಮೇಲಿನಿಂದ ಮುಖವಾಡಗಳು ಕೆಳಗಿಳಿಯುತ್ತವೆ. ಆದರೆ ಅವುಗಳಲ್ಲಿ ಪ್ರಯಾಣಿಕರಿಗೆ ಆಮ್ಲಜನಕ ಸಿಗುವುದು ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತೆರಡು ನಿಮಿಷ ಮಾತ್ರ. ಅಷ್ಟರೊಳಗೆ ವಿಮಾನ ಹತ್ತು ಸಾವಿರ ಅಡಿಗೆ, ಅಂದರೆ ಸುಮಾರು ಮೂರು ಸಾವಿರ ಮೀಟರಿಗೆ, ಇಳಿದಿರಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಲು ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ವಿಶೇಷ ಆಮ್ಲಜನಕ ವ್ಯವಸ್ಥೆಯಿಲ್ಲದ ವಿಮಾನಗಳು ಆ ಪ್ರದೇಶವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಸುತ್ತಿಹೋಗುತ್ತವೆ.

ಎರಡನೆಯದು, ಎರಡೇ ಇಂಜಿನ್ನಿನ ವಿಮಾನ ಎಲ್ಲಿದ್ದರೂ ನಿಗದಿತ ಅವಧಿಯೊಳಗೆ ಒಂದು ಇಂಜಿನ್ನಿನಿಂದಲೇ ತಲುಪಬಹುದಾದ ನಿಲ್ದಾಣವೊಂದು ಇರಲೇಬೇಕು ಎಂಬ ನಿಯಮ. ಈ ಅವಧಿ ಬಹಳಷ್ಟು ವಿಮಾನಗಳಿಗೆ 180 ನಿಮಿಷ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದರ ಇಂಜಿನ್ನಿನಲ್ಲಿ ದೋಷ ಕಂಡುಬಂದಾಗ ಅದು ರಷ್ಯಾದ ದೂರಪ್ರಾಚ್ಯದ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಪ್ರಯಾಣಿಕರು ಅಲ್ಲಿ ಕಾದಿದ್ದು, ಮುಂಬೈಯಿಂದ ಬಂದ ಬೇರೊಂದು ವಿಮಾನದಲ್ಲಿ ಮುಂದೆ ಹೋದರು. ಆ ದಿನ ಆ ಊರಿನ ಹೆಸರನ್ನು ಮೊದಲ ಬಾರಿಗೆ ಕೇಳಿದವರು ಬಹಳ ಮಂದಿ. ಆದರೆ ಆ ದಾರಿಗೆ ಯೋಜನೆ ಹಾಕುವವರ ಕಾಗದದಲ್ಲಿ ಅಂತಹ ಊರುಗಳ ಹೆಸರು, ಅಲ್ಲಿನ ಓಡುದಾರಿಯ ಉದ್ದ, ಆ ಹೊತ್ತಿನ ಹವಾಮಾನ ಎಲ್ಲವೂ ಪ್ರತಿದಿನ ಇರುತ್ತವೆ. ಪ್ರಯಾಣಿಕರ ಕಣ್ಣಿಗೆ ಬೀಳದ ಈ ಸಿದ್ಧತೆಯ ಬಗ್ಗೆ ನನಗೆ ಬಹಳ ಗೌರವವಿದೆ.

ಮೂರನೆಯದು ದೇಶಗಳ ಗಡಿ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಹಕ್ಕಿದೆ, ಮತ್ತು ಅದನ್ನು ಮುಚ್ಚುವ ಅಧಿಕಾರವೂ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶ ಯುರೋಪ್ ಮತ್ತು ಅಮೆರಿಕದ ವಿಮಾನ ಸಂಸ್ಥೆಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಹೋಗುವ ಫಿನ್‌ಏರ್ ವಿಮಾನಗಳು ಒಂಬತ್ತೂವರೆ ಗಂಟೆಯ ಪ್ರಯಾಣಕ್ಕೆ ಬದಲಾಗಿ ಹದಿಮೂರು ಗಂಟೆಯಷ್ಟು ಹಾರಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಅಮೆರಿಕದ ಕೆಲವು ನೇರ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲೂ ಕೋಪನ್‌ಹೇಗನ್‌ನಲ್ಲೂ ಇಳಿದು ಹೋದವು. ಊರುಗಳ ನಡುವಿನ ದೂರ ಬದಲಾಗಿರಲಿಲ್ಲ.

ಇನ್ನೊಂದು ಅಂಶ ಬೆಂಗಳೂರಿಗೇ ಸೇರಿದ್ದು. ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಕಡಲತೀರಕ್ಕಿಂತ ತೆಳು; ಬಿಸಿಲಿನಲ್ಲಿ ಇನ್ನಷ್ಟು ತೆಳು. ರೆಕ್ಕೆಗೂ ಇಂಜಿನ್ನಿಗೂ ಹಿಡಿತ ಕಡಿಮೆಯಾಗುವುದರಿಂದ ಅದೇ ಭಾರದ ವಿಮಾನ ಮೇಲೇಳಲು ಹೆಚ್ಚು ಓಡಬೇಕು. ಓಡುದಾರಿ 4,000 ಮೀಟರ್ ಉದ್ದವಿರುವುದು ಇದಕ್ಕೆ ದೊಡ್ಡ ಆಸರೆ. ಹೀಗಿದ್ದರೂ ಗಂಟೆಗೆ ಆರರಿಂದ ಎಂಟು ಟನ್ ಇಂಧನ ಸುಡುವ ವಿಮಾನ ಹದಿನಾರು ಗಂಟೆಗೆ ಬೇಕಾದಷ್ಟನ್ನೂ ಮೇಲೆ ಕಾಯ್ದಿರಿಸಿದ್ದನ್ನೂ ಹೊರಬೇಕು. ಆ ಇಂಧನವನ್ನು ಹೊರಲು ಮತ್ತೊಂದಿಷ್ಟು ಇಂಧನ ಬೇಕು. 2005ರ ನವೆಂಬರಿನಲ್ಲಿ, ಮೇಲೆ ಹೇಳಿದ 777-200ಎಲ್‌ಆರ್ ಮಾದರಿಯದೇ ಒಂದು ವಿಮಾನ ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಹಾರಿ, ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಎರಡನ್ನೂ ದಾಟಿ, 21,602 ಕಿ.ಮೀ. ದೂರವನ್ನು 22 ಗಂಟೆ 42 ನಿಮಿಷದಲ್ಲಿ ಕ್ರಮಿಸಿ ಲಂಡನ್ ಸೇರಿ ದಾಖಲೆ ಮಾಡಿತು. ಅದರಲ್ಲಿದ್ದವರು ಮೂವತ್ತೈದು ಮಂದಿ ಮಾತ್ರ. ಜನ ಮತ್ತು ಸಾಮಾನಿನ ಜಾಗವನ್ನು ಇಂಧನ ತೆಗೆದುಕೊಂಡಿತ್ತು. ತುಂಬಿದ ವಿಮಾನಕ್ಕೆ ಆ ಸೌಲಭ್ಯವಿಲ್ಲ.

ಕೊನೆಯದಾಗಿ ನಿಮ್ಮ ಲೆಕ್ಕ. ಯಾವುದೇ ಎರಡು ದೂರದ ಊರುಗಳಿಗೆ ನಾನು ಸೂಚಿಸುವ ಕ್ರಮ ಇದು: ನೂಲಿನ ದೂರಕ್ಕೆ ಸುತ್ತುದಾರಿಯೆಂದು ನೂರಕ್ಕೆ ಆರರಿಂದ ಎಂಟರಷ್ಟು ಸೇರಿಸಿ, 900ರಿಂದ ಭಾಗಿಸಿ, ಪೂರ್ವಕ್ಕೆ ಹೋಗುವುದಾದರೆ ಒಂದು ಗಂಟೆ ಕಳೆದು, ಪಶ್ಚಿಮಕ್ಕೆ ಬರುವುದಾದರೆ ಅರ್ಧ ಗಂಟೆ ಕೂಡಿಸಿ, ಏರುವುದು, ಇಳಿಯುವುದು ಮತ್ತು ನೆಲದ ಮೇಲಿನ ಓಡಾಟಕ್ಕೆಂದು ಇನ್ನೊಂದು ಅರ್ಧ ಗಂಟೆ ಇಟ್ಟುಕೊಳ್ಳಿ. ನಿಮ್ಮ ಪ್ರಯಾಣಕ್ಕೆ ಇದು ಹೋಗುವಾಗ ಹದಿನಾರು ಗಂಟೆಯ, ಬರುವಾಗ ಹದಿನೇಳೂವರೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ವೇಳಾಪಟ್ಟಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. ಟಿಕೆಟಿನಲ್ಲಿ ಮುದ್ರಿಸುವ ಸಮಯ ಬಾಗಿಲು ಮುಚ್ಚಿ ವಿಮಾನ ಕದಲುವುದರಿಂದ ಆರಂಭವಾಗಿ ಅಲ್ಲಿ ನಿಲ್ಲುವವರೆಗಿನದು ಎಂಬುದನ್ನೂ ಗಮನಿಸಿ. ಚಾಲಕರು ಘೋಷಿಸುವ ಹಾರಾಟದ ಸಮಯ ಅದಕ್ಕಿಂತ ಕಡಿಮೆಯಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ನೀವು ಹೊರಡುವ ತಿಂಗಳಲ್ಲಿ ನೇರ ವಿಮಾನ ಸಿಗದಿದ್ದರೂ ದೂರದ ದೃಷ್ಟಿಯಿಂದ ದೊಡ್ಡ ನಷ್ಟವಿಲ್ಲ. ದುಬೈ ಮೂಲಕ 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರದ ಮೂಲಕ 16,800 ಆಗುತ್ತದೆ. ಹಾರಾಟದಲ್ಲಿ ಎರಡು ಮೂರು ಗಂಟೆ ಹೆಚ್ಚು. ಉಳಿದದ್ದೆಲ್ಲ ನಿಲ್ದಾಣದಲ್ಲಿ ಕಾಯುವ ಹೊತ್ತು. ವಯಸ್ಸಾದವರಿಗೆ ನಾನು ಒಂದೂವರೆ ಗಂಟೆಯ ಅವಸರದ ಬದಲಾವಣೆಗಿಂತ ಮೂರು ನಾಲ್ಕು ಗಂಟೆಯ ಬಿಡುವನ್ನೇ ಸಲಹೆ ಮಾಡುತ್ತೇನೆ. ಹದಿನಾರು ಗಂಟೆ ಒಂದೇ ಸಮನೆ ಕುಳಿತ ಕಾಲುಗಳಿಗೆ ನಡುವೆ ನಡೆದಾಡುವ ಅವಕಾಶ ಒಳ್ಳೆಯದೇ. ನೇರ ವಿಮಾನವಾದರೂ ಹರಿಹರದ ಮನೆಯ ಬಾಗಿಲಿನಿಂದ ಮಗಳ ಮನೆಯ ಬಾಗಿಲಿಗೆ ಬೆಂಗಳೂರಿನವರೆಗಿನ ರೈಲು, ನಿಲ್ದಾಣದಲ್ಲಿ ಮೂರು ಗಂಟೆ, ಅಲ್ಲಿ ಇಳಿದ ಮೇಲಿನ ತಪಾಸಣೆ, ಸ್ಯಾನ್ ಹೊಸೆಗೆ ಸುಮಾರು 55 ಕಿ.ಮೀ. ರಸ್ತೆ ಎಲ್ಲ ಸೇರಿ ಇಪ್ಪತ್ತೇಳು ಇಪ್ಪತ್ತೆಂಟು ಗಂಟೆ ಎಂದು ಇಟ್ಟುಕೊಳ್ಳಿ.

ಮಗಳಿಗೆ ತಿಳಿಸುವಾಗ, ಆ ಹಳೆಯ ವೇಳಾಪಟ್ಟಿಯಂತಹ ಮಧ್ಯಾಹ್ನದ ವಿಮಾನವಾದರೆ, ಹೊರಟ ದಿನಾಂಕದ ಸಂಜೆಯೇ ನಿಲ್ದಾಣಕ್ಕೆ ಬರಬೇಕೆಂದು ಹೇಳಿ. ಮರಳುವಾಗ ಮಾತ್ರ, ಊರಿನಲ್ಲಿ ಮದುವೆಯೋ ಮುಂಜಿಯೋ ಇದ್ದರೆ, ಅಲ್ಲಿಂದ ಹೊರಡುವ ದಿನಾಂಕಕ್ಕೆ ಎರಡು ದಿನ ಸೇರಿಸಿ ಬೆಂಗಳೂರಿನ ದಿನಾಂಕವನ್ನು ಬರೆದುಕೊಳ್ಳಿ. ಅಲ್ಲಿಂದ ಹರಿಹರಕ್ಕೆ ಬಂದು ಒಂದು ರಾತ್ರಿಯಾದರೂ ಮಲಗಿ ಏಳುವಷ್ಟು ಸಮಯವಿರಲಿ.